ಬುಕ್‌ಮಾರ್ಕ್‌ಗಳನ್ನು ಕಾಪಿಡುವ ಮತ್ತು ಹೊಸ ಕಂಪ್ಯೂಟರಿಗೆ ಸಾಗಿಸುವ ಬಗೆ

ದಾವಣಗೆರೆಯ ಎಪಿಎಂಸಿಯಲ್ಲಿ ವ್ಯವಹಾರ ನಡೆಸುವವರ ಕಂಪ್ಯೂಟರಿನಲ್ಲಾಗಲಿ, ಹರಿಹರ, ಜಗಳೂರು ಕಡೆಯ ಗ್ರಾಮ ಒನ್ ಕೇಂದ್ರಗಳಲ್ಲಾಗಲಿ, ಮೆಕ್ಕೆಜೋಳದ ಧಾರಣೆ ನೋಡುವ ಕೃಷಿ ಮಾರಾಟ ವಾಹಿನಿ, ಪಹಣಿ ತೆಗೆಯುವ ಭೂಮಿ, ಅರ್ಜಿ ಹಾಕುವ ಸೇವಾ ಸಿಂಧು ಮುಂತಾದ ತಾಣಗಳ ವಿಳಾಸಗಳು ಬುಕ್‌ಮಾರ್ಕ್‌ಗಳಾಗಿ ವರ್ಷಗಟ್ಟಲೆ ಸೇರುತ್ತಾ ಹೋಗುತ್ತವೆ. ವಿಂಡೋಸ್ ಹೊಸದಾಗಿ ಹಾಕಿಸುವ ಮುನ್ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಕೆಂದು ಹಲವರು ತಿಳಿಯುತ್ತಾರೆ. ಆದರೆ ಬುಕ್‌ಮಾರ್ಕ್‌ಗಳು ಅಲ್ಲಿರುವುದಿಲ್ಲ. ಅವು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ, ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಆಪ್‌ಡೇಟಾ ಫೋಲ್ಡರಿನೊಳಗೆ ಇರುತ್ತವೆ. ಆದ್ದರಿಂದ ಅವನ್ನು ಬ್ರೌಸರಿನ ಮೂಲಕವೇ ಹೊರತೆಗೆಯುವುದು ಕ್ಷೇಮ.

ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಓ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬುಕ್‌ಮಾರ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಬಲಮೇಲ್ತುದಿಯ ಮೂರು ಚುಕ್ಕೆಗಳನ್ನು ಒತ್ತಿ ‘ಎಕ್ಸ್‌ಪೋರ್ಟ್ ಬುಕ್‌ಮಾರ್ಕ್ಸ್’ ಆರಿಸಿದರೆ ಒಂದು ಎಚ್‌ಟಿಎಂಎಲ್ ಕಡತ ಸಿಗುತ್ತದೆ. ಎಡ್ಜ್‌ನಲ್ಲಿ ಇವಕ್ಕೆ ‘ಫೇವರಿಟ್ಸ್’ ಎಂದು ಹೆಸರು; ಕ್ರಮ ಹೆಚ್ಚುಕಡಿಮೆ ಇದೇ. ಒಂದೇ ಕಂಪ್ಯೂಟರಿನಲ್ಲಿ ಅಂಗಡಿಗೊಂದು, ಮನೆಯವರಿಗೊಂದು ಎಂದು ಬೇರೆಬೇರೆ ಪ್ರೊಫೈಲ್‌ಗಳಿದ್ದರೆ ಪ್ರತಿಯೊಂದನ್ನೂ ತೆರೆದು ಪ್ರತ್ಯೇಕವಾಗಿ ಕಡತ ಮಾಡಿಕೊಳ್ಳಬೇಕು, ಏಕೆಂದರೆ ತೆರೆದಿರುವ ಪ್ರೊಫೈಲ್‌ನ ಬುಕ್‌ಮಾರ್ಕ್‌ಗಳಷ್ಟೇ ಕಡತಕ್ಕೆ ಬರುತ್ತವೆ.

ಈ ಕಡತದ ರಚನೆ ಹಳೆಯ ನೆಟ್‌ಸ್ಕೇಪ್ ಬ್ರೌಸರಿನ ಕಾಲದ್ದು. ಇಂದಿಗೂ ಅದರ ಮೊದಲ ಸಾಲಿನಲ್ಲಿ ನೆಟ್‌ಸ್ಕೇಪ್‌ನ ಹೆಸರಿರುತ್ತದೆ. ಎಲ್ಲ ಪ್ರಮುಖ ಬ್ರೌಸರುಗಳೂ ಅದನ್ನು ಓದಬಲ್ಲವಾದ್ದರಿಂದ ಕ್ರೋಮ್‌ನಿಂದ ತೆಗೆದದ್ದನ್ನು ಫೈರ್‌ಫಾಕ್ಸ್‌ಗೆ ಸೇರಿಸಲು ಅಡ್ಡಿಯಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳೂ ಹಾಗೆಯೇ ಉಳಿಯುತ್ತವೆ.

ಫೈರ್‌ಫಾಕ್ಸ್‌ನಲ್ಲಿ ತುಸು ಎಚ್ಚರ ಬೇಕು. ಅದೇ ಮೂರು ಕೀಲಿಗಳಿಂದ ತೆರೆಯುವ ಲೈಬ್ರರಿಯ ‘ಇಂಪೋರ್ಟ್ ಅಂಡ್ ಬ್ಯಾಕಪ್’ ಪಟ್ಟಿಯಲ್ಲಿ ಎರಡು ದಾರಿಗಳಿವೆ. ‘ಬ್ಯಾಕಪ್’ ಒತ್ತಿದರೆ ಬರುವ ಜೇಸನ್ ಕಡತ ಫೈರ್‌ಫಾಕ್ಸ್‌ನಿಂದ ಫೈರ್‌ಫಾಕ್ಸ್‌ಗೆ ಸಾಗಿಸಲು ತಕ್ಕದ್ದು. ಬೇರೆ ಬ್ರೌಸರಿಗೆ ಒಯ್ಯುವುದಾದರೆ ಎಚ್‌ಟಿಎಂಎಲ್ ಆಗಿಯೇ ಎಕ್ಸ್‌ಪೋರ್ಟ್ ಮಾಡಬೇಕು. ಜೇಸನ್ ಕಡತವನ್ನು ‘ರಿಸ್ಟೋರ್’ ಮಾಡಿದಾಗ ಅದು ಇದ್ದವುಗಳ ಜೊತೆಗೆ ಸೇರುವುದಿಲ್ಲ, ಇದ್ದವುಗಳನ್ನೆಲ್ಲ ತೆಗೆದುಹಾಕಿ ತಾನು ಅಲ್ಲಿ ಕೂರುತ್ತದೆ. ಹೊಸ ಕಂಪ್ಯೂಟರಿನಲ್ಲಿ ಈಗಾಗಲೇ ಕೆಲವನ್ನು ಕೂಡಿಸಿಕೊಂಡವರು ಮೊದಲು ಅವುಗಳ ಪ್ರತಿ ತೆಗೆದಿಟ್ಟುಕೊಳ್ಳಲೇಬೇಕು.

ಗೂಗಲ್ ಖಾತೆಯ ಸಿಂಕ್ (ಎಲ್ಲ ಸಾಧನಗಳಲ್ಲೂ ಬುಕ್‌ಮಾರ್ಕ್‌ಗಳನ್ನು ಒಂದೇ ರೀತಿ ಇರಿಸುವ ವ್ಯವಸ್ಥೆ) ಇದ್ದರೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಸಿಂಕ್ ಅನುಕೂಲವೇ, ಆದರೆ ಅದು ಬ್ಯಾಕಪ್ ಅಲ್ಲ: ಒಂದು ಕಡೆ ಕೈತಪ್ಪಿ ಅಳಿಸಿದ ಫೋಲ್ಡರು ಸ್ವಲ್ಪ ಹೊತ್ತಿನಲ್ಲೇ ಎಲ್ಲ ಸಾಧನಗಳಿಂದಲೂ ಮಾಯವಾಗುತ್ತದೆ. ಹೊರಗೆ ತೆಗೆದಿಟ್ಟ ಕಡತಕ್ಕೆ ಈ ಅಪಾಯವಿಲ್ಲ. ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಪೋರ್ಟ್ ಸೌಲಭ್ಯ ಇಲ್ಲದಿರುವುದರಿಂದ ಅಲ್ಲಿ ಮಾತ್ರ ಸಿಂಕ್ ಮೂಲಕ ಕಂಪ್ಯೂಟರಿಗೆ ತಂದುಕೊಂಡು, ಅಲ್ಲಿಂದ ಕಡತ ಮಾಡಿಕೊಳ್ಳುವುದು ಅನಿವಾರ್ಯ.

ಕಡತಕ್ಕೆ ದಿನಾಂಕ ಸೇರಿಸಿ ಹೆಸರಿಡಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ನಿಮ್ಮದೇ ಇಮೇಲ್‌ನಲ್ಲಿರಲಿ. ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್‌ಗೆ ಕೊಡುವ ಮೊದಲು ಆ ಕಡತವನ್ನು ಎರಡು ಬಾರಿ ಕ್ಲಿಕ್ಕಿಸಿ, ತೆರೆದ ಪಟ್ಟಿಯಲ್ಲಿ ಎಲ್ಲ ಫೋಲ್ಡರುಗಳೂ ಇವೆಯೇ ಎಂದು ನೋಡಿ.

ಹೊಸ ಕಂಪ್ಯೂಟರಿನ ಕ್ರೋಮ್‌ನಲ್ಲಿ ಅದೇ ಮೂರು ಚುಕ್ಕೆಗಳ ಪಟ್ಟಿಯಿಂದ ‘ಇಂಪೋರ್ಟ್ ಬುಕ್‌ಮಾರ್ಕ್ಸ್’ ಆರಿಸಿ ಕಡತ ತೋರಿಸಿದರಾಯಿತು. ಅಲ್ಲಿ ಮೊದಲೇ ಬುಕ್‌ಮಾರ್ಕ್‌ಗಳಿದ್ದರೆ ಹೊಸದಾಗಿ ಬಂದವು ‘ಇಂಪೋರ್ಟೆಡ್’ ಎಂಬ ಫೋಲ್ಡರಿನಲ್ಲಿ ಕಾಣುತ್ತವೆ. ಕಾಣಲಿಲ್ಲವೆಂದು ಮತ್ತೆ ಇಂಪೋರ್ಟ್ ಮಾಡಿದರೆ ಎಲ್ಲವೂ ಎರಡೆರಡಾಗುತ್ತವೆ. ಬಂದಿರುವುದು ವಿಳಾಸಗಳಷ್ಟೇ, ಪಾಸ್‌ವರ್ಡ್‌ಗಳಲ್ಲ. ಅವುಗಳನ್ನು ಸಾಗಿಸುವ ಕ್ರಮ ಬೇರೆ. ಸೈಬರ್ ಸೆಂಟರಿನಲ್ಲಿ ಈ ಕೆಲಸ ಮಾಡಿದವರು ಡೌನ್‌ಲೋಡ್ಸ್ ಫೋಲ್ಡರಿನಿಂದಲೂ ರಿಸೈಕಲ್ ಬಿನ್‌ನಿಂದಲೂ ಕಡತವನ್ನು ಅಳಿಸಿ, ಖಾತೆಯಿಂದ ಸೈನ್ ಔಟ್ ಆಗಿ ಹೊರಡಬೇಕು.