ಹಿಂಡಿ ಜಾಸ್ತಿಯಾಯ್ತಾ? ಹಾಲು ಹೇಳುತ್ತದೆ

ಹಾಲಿನಲ್ಲಿ ಯೂರಿಯಾ ಅಂದ ಕೂಡಲೇ ಕಲಬೆರಕೆ ನೆನಪಾಗುತ್ತದೆ, ಅಲ್ವಾ? ಆದರೆ ಯಾರೂ ಏನೂ ಬೆರೆಸದ ಹಾಲಿನಲ್ಲೂ ಸ್ವಲ್ಪ ಯೂರಿಯಾ ಇದ್ದೇ ಇರುತ್ತದೆ. ಹಿಂಡಿ, ಕುದುರೆ ಮೆಂತ್ಯೆಯಲ್ಲಿರುವ ಪ್ರೋಟೀನಿನ ಬಹುಪಾಲು ಹಸುವಿನ ಮೊದಲ ಹೊಟ್ಟೆಯಲ್ಲಿ ಅಮೋನಿಯಾ ಆಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಳ್ಳಲು ಮುಸುಕಿನ ಜೋಳದಂಥ ಶಕ್ತಿ ಕೊಡುವ ಮೇವು ಬೇಕು. ಅದು ಸಾಲದಿದ್ದರೆ ಮಿಕ್ಕ ಅಮೋನಿಯಾ ರಕ್ತ ಸೇರುತ್ತದೆ. ಪಿತ್ತಜನಕಾಂಗ ಅದನ್ನು ಯೂರಿಯಾ ಮಾಡುತ್ತದೆ, ಅದು ರಕ್ತದ ಮೂಲಕ ಗಂಜಲಕ್ಕೂ ಹಾಲಿಗೂ ಸೇರುತ್ತದೆ. ದುಡ್ಡು ಕೊಟ್ಟು ತಂದ ಹಿಂಡಿ ಚರಂಡಿ ಸೇರುವುದು ಹೀಗೆ.

ಹಾಲಿನ ಯೂರಿಯಾ ಅಳೆಸಿದರೆ ಇದು ಗೊತ್ತಾಗುತ್ತದೆ. ಮೊದಲು ಪರೀಕ್ಷೆಗೆ ಕೊಡುವ ಹಾಲಿನ ಮಾದರಿ. ಮೊದಲ ನಾಲ್ಕು ಧಾರೆ ಹಿಡಿದು ಕೊಡಬೇಡಿ. ಪೂರ್ತಿ ಕರೆದು, ಚೆನ್ನಾಗಿ ಕಲಕಿ, ಆಮೇಲೆ ಬಾಟಲಿ ತುಂಬಿಸಿ ಐಸ್ ಡಬ್ಬಿಯಲ್ಲಿಡಿ. ಮೇವು ತಿಂದ ಕೆಲವು ಗಂಟೆಗಳಲ್ಲಿ ಯೂರಿಯಾ ಏರಿ ಇಳಿಯುತ್ತದೆ. ಹಾಗಾಗಿ ಪ್ರತಿ ಸಲವೂ ಒಂದೇ ಹೊತ್ತಿನ ಹಾಲು ಇರಲಿ. ಬಾಟಲಿಯ ಮೇಲೆ ಕಿವಿಯೋಲೆ ನಂಬರ್, ಕರು ಹಾಕಿದ ದಿನ, ಹಾಲಿನ ಲೀಟರ್ ಬರೆಯಿರಿ. ಒಂದೇ ಹಸುವಿನ ಒಂದೇ ಫಲಿತಾಂಶ ನಂಬಿ ಮೇವು ಬದಲಿಸಬಾರದು. ಎಂಟು-ಹತ್ತು ಹಸುಗಳ ಸರಾಸರಿ ನೋಡಿ. ಎರಡೇ ಹಸು ಇದ್ದವರು ಕೆಲವು ವಾರ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ.

ರಾಸಾಯನಿಕ ಬೆರೆಸಿ ಹಾಲು ಹಳದಿಯಾಗುತ್ತದಾ ಎಂದು ಡೇರಿಯಲ್ಲಿ ನೋಡುವುದು ಕಲಬೆರಕೆ ಹಿಡಿಯಲು. ನಮ್ಮ ಕೆಲಸಕ್ಕೆ ಅದು ಸಾಲದು. ಯೂರಿಯಾ ಅಂಕಿ ಕೊಡುವ ಲ್ಯಾಬ್ ಬೇಕು. ಹಾಲಿನ ಪ್ರೋಟೀನನ್ನೂ ಅಲ್ಲೇ ಕೇಳಿ ಪಡೆಯಿರಿ.

ವರದಿಯಲ್ಲಿರುವುದು ಯೂರಿಯಾನೋ, ಯೂರಿಯಾ ನೈಟ್ರೋಜನ್ನೋ (ಯೂರಿಯಾದೊಳಗಿನ ನೈಟ್ರೋಜನ್ ಭಾಗ ಮಾತ್ರ) ಮೊದಲು ನೋಡಿ. ನೈಟ್ರೋಜನ್ ಅಂಕಿಯನ್ನು 2.14ರಿಂದ ಗುಣಿಸಿದರೆ ಯೂರಿಯಾ ಸಿಗುತ್ತದೆ. 100 ಮಿಲಿ ಹಾಲಿಗೆ ನೈಟ್ರೋಜನ್ ಸುಮಾರು 10ರಿಂದ 16 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಅದಕ್ಕಿಂತ ಜಾಸ್ತಿ ಬಂತು ಅಂತ ಸುಮ್ನೆ ಹಿಂಡಿ ಕಡಿಮೆ ಮಾಡಬೇಡಿ. ಹಾಲಿನ ಪ್ರೋಟೀನ್ ಅಂಕಿ ನೋಡಿ. ಪ್ರೋಟೀನ್ ಕಡಿಮೆ ಇದ್ದರೆ ಹಸುವಿಗೆ ಶಕ್ತಿ ಸಾಲುತ್ತಿಲ್ಲ ಎಂದರ್ಥ. ಆಗ ಜೋಳದ ನುಚ್ಚನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯಾಗುತ್ತದೆ. ಪ್ರೋಟೀನ್ ಸರಿಯಿದ್ದರೆ ಹಿಂಡಿಯನ್ನು ನಿಧಾನವಾಗಿ ಇಳಿಸಬಹುದು. ಬರೀ ರಾಗಿ ಹುಲ್ಲು ತಿನ್ನುವ ಹಸುಗಳಲ್ಲಿ ಯೂರಿಯಾ ನೈಟ್ರೋಜನ್ 8ಕ್ಕಿಂತ ಕೆಳಗಿಳಿದರೆ ಕಥೆ ಉಲ್ಟಾ. ಅವಕ್ಕೆ ಕಡಲೆಕಾಯಿ ಹಿಂಡಿಯೋ ಹಸಿರು ದ್ವಿದಳ ಮೇವೋ ಬೇಕು.

ಯೂರಿಯಾ ನೈಟ್ರೋಜನ್ 19-20 ದಾಟಿದ ಹಿಂಡುಗಳಲ್ಲಿ ಗಬ್ಬ ನಿಲ್ಲುವುದು ಕಡಿಮೆ ಎಂದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಪದೇ ಪದೇ ಬೆದೆಗೆ ಬರುವ ಹಸುವಿದ್ದರೆ ಈ ವರದಿಯನ್ನೂ ಪಶುವೈದ್ಯರ ಮುಂದಿಡಿ. ಮೇವು ಬದಲಿಸಿದ ಎರಡು ವಾರದ ಮೇಲೆ, ಅದೇ ಹೊತ್ತಿನ ಹಾಲನ್ನು ಮತ್ತೆ ಪರೀಕ್ಷೆಗೆ ಕೊಡಿ.