ಪುಣೆಯಲ್ಲಿ ಮಗುವನ್ನು ಅಂಗನವಾಡಿಗೆ ಸೇರಿಸುವುದು ಹೇಗೆ

ಕಟ್ಟಡ ಕೆಲಸಕ್ಕೆ ಪುಣೆಗೆ ಬಂದಿರುವ ಕಲಬುರಗಿ, ಯಾದಗಿರಿ ಕಡೆಯ ತಾಯಂದಿರಿಗೆ ನಾನು ಮೊದಲು ಹೇಳುವುದು ಇದನ್ನೇ: ಊರು ಬೇರೆ ಅಂತ ಹಿಂಜರಿಯಬೇಡಿ. ಹತ್ತಿರದ ಅಂಗನವಾಡಿಗೆ ಹೋಗಿ, 3ರಿಂದ 6 ವರ್ಷದ ಮಗುವಿನ ಹೆಸರು ಬರೆಸಿ. ಶುಲ್ಕ ಇಲ್ಲ. ಊರಿನ ತಾಯಿ ಕಾರ್ಡ್ ಇದ್ದರೆ ಒಯ್ಯಿರಿ, ಲಸಿಕೆ ಲೆಕ್ಕ ಅದರಲ್ಲೇ ಇರುತ್ತದೆ.

ಅಲ್ಲಿಯ ಬಿಸಿಯೂಟ ಯಾರೋ ಕೊಡುವ ದಾನವಲ್ಲ. ಅದು 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಪೂರಕ ಆಹಾರದ ಖರ್ಚನ್ನು ಕೇಂದ್ರ ಮತ್ತು ಮಹಾರಾಷ್ಟ್ರ ಸರ್ಕಾರ ಅರ್ಧರ್ಧ ಹಾಕುತ್ತವೆ. ಅದು ನಮ್ಮೆಲ್ಲರ ತೆರಿಗೆ ದುಡ್ಡೇ ಅಲ್ವಾ?

ಊಟ ನಿಂತರೆ ಸುಮ್ನೆ ಸೇವಿಕೆಯನ್ನು (ಅಂಗನವಾಡಿ ಕಾರ್ಯಕರ್ತೆಯನ್ನು) ಬೈಯಬೇಡಿ, ಪಾಪ, ಅವರಿಗೇ ರೇಷನ್ ಬಂದಿರುವುದಿಲ್ಲ. ಅಂಗನವಾಡಿಗಳನ್ನು ನೋಡಿಕೊಳ್ಳುವ ಬಾಲವಿಕಾಸ ಪ್ರಕಲ್ಪ ಅಧಿಕಾರಿಗೆ ಮರಾಠಿಯಲ್ಲಿ ದೂರು ಬರೆಸಿ ಕೊಡಿ. ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ. ಆಮೇಲೂ ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ: ಎಷ್ಟು ಮಕ್ಕಳ ಹೆಸರಿಗೆ, ಎಷ್ಟು ಹಣ ಬಂತು? 30 ದಿನದಲ್ಲಿ ಉತ್ತರ ಕೊಡಲೇಬೇಕು.