ಮಹಿಷಾಸುರನ ಪ್ರವೇಶ ಮತ್ತು 6400 ಐಎಸ್‌ಒ

‘ಐಎಸ್‌ಒ 1600 ದಾಟಿಸಬೇಡ ಮಾರಾಯ, ಚಿತ್ರದ ಮೇಲೆ ರವೆ ಚೆಲ್ಲಿದ ಹಾಗಾಗುತ್ತದೆ’ ಎಂದು ನಮ್ಮ ಕಡೆಯ ಹಿರಿಯ ಛಾಯಾಗ್ರಾಹಕರೊಬ್ಬರು ಹೇಳಿದ್ದನ್ನು ನಂಬಿ ಯಕ್ಷಗಾನ ಮೇಳಗಳ ಮೂರು ತಿರುಗಾಟ, ಅಂದರೆ ಮೂರು ವರ್ಷದ ಆಟಗಳ ಕಾಲ, ಕಳೆದುಕೊಂಡೆ. ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ. ದೇವಿ ಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಪ್ರೇಕ್ಷಕರ ನಡುವಿನಿಂದ ಬರುವಾಗ ಇರುವ ಬೆಳಕು ದೊಂದಿಯದ್ದು (ಪಂಜಿನದ್ದು), ಆಗಾಗ ಎರಚುವ ರಾಳದ ಪುಡಿಯದ್ದು. 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ಪೂರ್ತಿ ತೆರೆದರೂ 1600ರಲ್ಲಿ ಶಟರ್ ಸೆಕೆಂಡಿನ 1/80ಕ್ಕೆ ಇಳಿಯುತ್ತಿತ್ತು. ಕೋಡು ಬೀಸುತ್ತಾ ಬರುವ ವೇಷಕ್ಕೆ ಅದು ಎಲ್ಲಿ ಸಾಕು? ಮೂರು ವರ್ಷವೂ ಸಿಕ್ಕಿದ್ದು ಕೆಂಪು ಗೀಚು.

ನಾಲ್ಕನೆಯ ವರ್ಷ ಆಟೋ ಐಎಸ್‌ಒಗೆ ಬಿಟ್ಟೆ. ರಾಳ ಭುಗ್ಗೆಂದಾಗ ಕ್ಯಾಮೆರಾ ಬೆಂಕಿಯನ್ನು ಅಳೆದು 800ಕ್ಕೆ ಇಳಿಸಿತು, ಮುಖ ಕಪ್ಪಾಯಿತು. ಬೆಂಕಿ ತಗ್ಗಿದೊಡನೆ ಹಿಂದಿನ ಕತ್ತಲೆಯನ್ನು ಅಳೆದು 12,800ಕ್ಕೆ ಏರಿಸಿತು, ಮುಖವರ್ಣಿಕೆಯ ಗೆರೆಗಳೆಲ್ಲ ಸುಣ್ಣ ಬಳಿದಂತಾದವು. ಅದೇ ವರ್ಷ 70-200ರ ದೊಡ್ಡ ಲೆನ್ಸನ್ನು ದಿನಕ್ಕೆ 1,500 ರೂಪಾಯಿಯಂತೆ ನಾಲ್ಕು ರಾತ್ರಿ ಬಾಡಿಗೆಗೆ ತಂದೆ. ಆರು ಸಾವಿರ ನೀರಿಗೆ ಹೋಯಿತು. ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ; ಎಫ್ 2.8 ಲೆನ್ಸ್ ನನ್ನ ಹಳೆಯ 85ರಷ್ಟು ಬೆಳಕನ್ನು ಎಲ್ಲಿಂದ ತರಬೇಕು!

ಮಳೆಗಾಲದಲ್ಲಿ ಜಗಲಿಯಲ್ಲಿ ಕಾಲುದೀಪ ಹಚ್ಚಿ, ಎದುರಿಗೆ ಮಗಳನ್ನು ಕೂರಿಸಿ, ಶಟರ್ ಮತ್ತು ಅಪರ್ಚರ್ (ಲೆನ್ಸಿನ ಕಿಂಡಿ) ಬದಲಿಸದೆ, ಐಎಸ್‌ಒ ಮಾತ್ರ ಬದಲಿಸಿ ಎರಡು ಚಿತ್ರ ತೆಗೆದೆ. 400ರದ್ದನ್ನು ಕಂಪ್ಯೂಟರಿನಲ್ಲಿ ನಾಲ್ಕು ಸ್ಟಾಪ್, ಅಂದರೆ ಹದಿನಾರು ಪಟ್ಟು, ಬೆಳಗಿಸಿದಾಗ ಜಡೆಯ ಕಪ್ಪಿನಲ್ಲೆಲ್ಲ ನೇರಳೆ ಪಟ್ಟೆ ಎದ್ದಿತು. 6400ರದ್ದರಲ್ಲಿ ಕೂದಲಿನ ಎಳೆ ಎಣಿಸಬಹುದಿತ್ತು. ನನ್ನ ಕ್ಯಾಮೆರಾ ಬಾಡಿ ಹಳೆಯದು. ಹೊಸ ಬಾಡಿಗಳಲ್ಲಿ ವ್ಯತ್ಯಾಸ ಇಷ್ಟಿರುವುದಿಲ್ಲ.

ಈ ತಿರುಗಾಟದಲ್ಲಿ ಎಲ್ಲವನ್ನೂ ಮ್ಯಾನುಯಲ್‌ಗೆ ಹಾಕಿ 6400, 1/320, ಎಫ್ 1.8 ಎಂದು ಬಿಗಿದುಬಿಟ್ಟೆ. ರಾಳ ಎರಚುವ ಮೊದಲು, ದೊಂದಿ ತನ್ನಷ್ಟಕ್ಕೆ ಉರಿಯುತ್ತಿರುವಾಗ, ಮುಖದ ಮೇಲಿನ ಬೆಳಕನ್ನು ಮಾತ್ರ ಅಳೆದದ್ದು. ಬೆಂಕಿ ಬೆಳ್ಳಗಾದರೆ ಆಗಲಿ, ಮುಖ ಉಳಿಯಬೇಕು. ಜ್ವಾಲೆಯ ಕಡೆಗೆ ಓಡುವ ಫೋಕಸ್ಸನ್ನು ಕಣ್ಣಿಗೆ ತರುವ ಬಗೆ ಮಾತ್ರ ನನ್ನಲ್ಲೇ ಇರಲಿ, ನಿದ್ದೆಗೆಟ್ಟು ಕಲಿತದ್ದು. ಮುನ್ನೂರರ ಆಸುಪಾಸು ಚಿತ್ರಗಳಲ್ಲಿ ನಲವತ್ತಾದರೂ ಚೊಕ್ಕವಾಗಿ ಬಂದವು. ಒಂದರಲ್ಲಿ ಗಲ್ಲದ ಬಣ್ಣ ಬೆವರಿಗೆ ಬಿರಿದಿರುವುದೂ ಕಾಣುತ್ತದೆ.

ಅದನ್ನೇ 24×36 ಇಂಚಿಗೆ ಮುದ್ರಿಸಿದೆ. ಹರಕೆಯ ಆಟ ಆಡಿಸಿದ ಮನೆಯವರು ನಾಲ್ಕು ಸಾವಿರ ಕೊಟ್ಟು ಚಾವಡಿಯಲ್ಲಿ ತೂಗುಹಾಕಿದ್ದಾರೆ. 1600ರ ಹಿರಿಯರು ಅಲ್ಲಿಯೇ ನೋಡಿ, ತಮ್ಮ ಕ್ಯಾಮೆರಾವನ್ನೂ ಹೀಗೆ ಹೊಂದಿಸಿಕೊಡಲು ಕೇಳಿದರು. ಮರುದಿನವೇ ಹೋಗಿ ಹೊಂದಿಸಿಕೊಟ್ಟೆ.

ರಂಗಸ್ಥಳದ ಮೇಲಿನ ಕತೆ ಬೇರೆ. ಕೆಲವು ಎಲ್‌ಇಡಿ ದೀಪಗಳಡಿ 1/320ರಲ್ಲಿ ಅಡ್ಡಪಟ್ಟೆ ಬೀಳುತ್ತದೆ. 1/100ಕ್ಕೆ ಇಳಿಸಿದರೆ ಪಟ್ಟೆ ಮಾಯ, ಆದರೆ ಪುಂಡುವೇಷದ (ತರುಣ ವೀರರ ಪಾತ್ರದ) ಧೀಂಗಿಣ, ಆ ಸುತ್ತು ಜಿಗಿತ, ಕಲಸಿಹೋಗುತ್ತದೆ. ತಿರುಗಾಟ ಮುಗಿಸುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿವೆ. ಮುಂದಿನ ತಿರುಗಾಟದ ಮೊದಲ ಆಟಗಳಲ್ಲಿ ಇವೆರಡರ ನಡುವಿನ ವೇಗಗಳನ್ನು ಒಂದೊಂದಾಗಿ ಇಟ್ಟು ನೋಡಲಿದ್ದೇನೆ.